ಕೊನೆಯ ಜೋಡಿ

ನಮ್ಮೂರಿನ ದೊಡ್ಡ ಕಪ್ಪಿನ ಗಾಲ್ಫ್ ಪಂದ್ಯದಲ್ಲಿ ಅತಿ ಹೆಚ್ಚು ಪೈಪೋಟಿ ಇರುವುದು ಮೂರನೇ ಸ್ಥಾನಕ್ಕೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಪಂದ್ಯ ನಾಲ್ಕು ದಿನದ್ದು. ಮೂರು ದಿನ ಕಳೆದಾಗ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದ ಇಬ್ಬರು ಭಾನುವಾರ ಕೊನೆಯ ಜೋಡಿಯಾಗಿ ಆಡುತ್ತಾರೆ. ಆ ಇಬ್ಬರಲ್ಲಿ ಸೋತವನ ದನಿ ಗೆದ್ದವನಿಗೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಶನಿವಾರ ಸಂಜೆ ಮೈದಾನಕ್ಕೆ ಬಂದರೆ ಒಳ್ಳೊಳ್ಳೆ ಆಟಗಾರರು ಒಂದು ಮೊಳ ದೂರದ ಕುಳಿಗೆ ಚೆಂಡು ಹಾಕಲಾರದೆ ಒದ್ದಾಡುವುದನ್ನು ನೋಡಬಹುದು. ಹೆಂಡತಿ ಮಕ್ಕಳು ಬೇಲಿಯಾಚೆ ನಿಂತು, ತಪ್ಪಿಸಿಬಿಡಿ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿರುತ್ತಾರೆ. ಮೂರನೆಯವನಾಗಿ ಉಳಿದವನನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಿಟ್ಟು ಬರುತ್ತಾರೆ.

ಊರು ಇದಕ್ಕೆ ಒಗ್ಗಿಹೋಗಿದೆ. ಅಂಗಡಿಯವರು ಸೋತವರಿಗೆಂದು ಗಲ್ಲಾದ ಪಕ್ಕ ಒಂದು ಸ್ಲೇಟು, ಬಳಪ ಇಟ್ಟಿರುತ್ತಾರೆ. ಐದು ಸಲ ಕಪ್ಪು ಗೆದ್ದ ಮುದುಕ ಕರಿಸಿದ್ದಪ್ಪನ ಮನೆಯ ಮುಂದೆ ಹಾದುಹೋದರೆ ಒಳಗೆ ನಾಲ್ಕೈದು ಜನ ಜಗಳವಾಡುತ್ತಿರುವಂತೆ ಕೇಳಿಸುತ್ತದೆ. ಒಳಗೆ ಇರುವುದು ಅವನೊಬ್ಬನೇ. ಅವನಿಗೆ ಸೋತವರಲ್ಲಿ ಒಬ್ಬನ ಮಗಳು ಅವನ ಮನೆಗೆ ಹಾಲು ಹಾಕುತ್ತಾಳೆ. ಅವಳು ಬಾಗಿಲು ಬಡಿದಾಗ ಕರಿಸಿದ್ದಪ್ಪ ಬಾಯಿ ಬಿಡುವುದಿಲ್ಲ, ಪಾತ್ರೆ ಮಾತ್ರ ಚಾಚುತ್ತಾನೆ. ಅಷ್ಟು ಮರ್ಯಾದೆ ಅವನಿಗಿದೆ.

ನನ್ನ ಹೆಸರು ಹಾಲೇಶ. ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವ ಕೆಲಸ ನನ್ನದಾಗಿತ್ತು. ನನ್ನ ದನಿ ಚೆನ್ನಾಗಿತ್ತು ಎಂದು ನಾನೇ ಹೇಳಿಕೊಂಡರೆ ಈಗ ಯಾರೂ ಜಂಬವೆನ್ನಲಾರರು. ಕೆಂಪುಕೆರೆಗೆ ಹೋಗುವ ಬಸ್ಸು ಎಂದು ನಾನು ಕೂಗಿದರೆ ಕೆಲಸವಿಲ್ಲದವರಿಗೂ ಒಂದು ಸಲ ಕೆಂಪುಕೆರೆಗೆ ಹೋಗಿಬರೋಣ ಅನ್ನಿಸುತ್ತಿತ್ತಂತೆ. ನನ್ನ ಅವ್ವ ಗಿರಿಜವ್ವ ಮನೆಯಂಗಳದಲ್ಲಿ ಕೂತೇ ಅದನ್ನು ಕೇಳುತ್ತಿದ್ದಳು. ಗಾಳಿ ಇತ್ತ ಬೀಸಿದ ದಿನ, "ಇವತ್ತು ಹುಣಸೇಕಟ್ಟೆ ಬಸ್ಸು ತಡ ಮಾಡ್ತಲ್ಲ?" ಎಂದು ನಾನು ಮನೆಗೆ ಕಾಲಿಡುವ ಮೊದಲೇ ಕೇಳುತ್ತಿದ್ದಳು. ನನ್ನ ಅಪ್ಪ ತೀರಿಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೇ. ನನಗೆ ಹೆಣ್ಣು ಕೊಡಲು ಬಂದವರು ನಾನು ಗಾಲ್ಫ್ ಆಡುತ್ತೇನೆಂದು ತಿಳಿದಕೂಡಲೇ, "ಆಟ ಬಿಡಲಿ, ಆಮೇಲೆ ಮಾತಾಡೋಣ" ಎಂದು ಎದ್ದುಹೋಗುತ್ತಿದ್ದರು. ನಾನು ಬಿಡಲಿಲ್ಲ.

ಬಕ್ಕೇಶ ನಮ್ಮ ಬೀದಿಯವನೇ, ನನಗಿಂತ ಎರಡು ವರ್ಷ ಚಿಕ್ಕವನು. ಹುಟ್ಟು ತೊದಲ. ಒಂದು ಮಾತು ಶುರುಮಾಡಿದರೆ ಅದರ ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡು ಕತ್ತಿನ ನರ ಉಬ್ಬಿ ಕಣ್ಣು ಕೆಂಪಾಗುತ್ತಿತ್ತು. ಶಾಲೆಯಲ್ಲಿ ಹಾಜರಿ ಕರೆದಾಗ ಅವನು ಉತ್ತರ ಕೊಡುವಷ್ಟರಲ್ಲಿ ಮೇಷ್ಟ್ರು ಮುಂದಿನ ನಾಲ್ಕು ಹೆಸರು ಕರೆದಾಗಿರುತ್ತಿತ್ತು. ಅವನ ತಾಯಿ ಅವನು ಹದಿನಾರರವನಿದ್ದಾಗಲೇ ಸತ್ತಳು. ಆಮೇಲೆ ಅವನು ಮಾತಾಡುವುದನ್ನೇ ಹೆಚ್ಚು ಕಡಿಮೆ ಬಿಟ್ಟ. ಕಲ್ಲುಕ್ವಾರಿಯಲ್ಲಿ ಕೆಲಸ, ಅದು ಮುಗಿದರೆ ಮೈದಾನ. ಕೋಲು ಹಿಡಿದರೆ ಮಾತ್ರ ಅವನ ಮೈಯಲ್ಲಿ ಎಲ್ಲೂ ತಡೆಯಿರುತ್ತಿರಲಿಲ್ಲ. ಹೊಡೆತ ಅವನ ಭುಜದಿಂದ ನೀರು ಸುರಿದ ಹಾಗೆ ಇಳಿದುಬರುತ್ತಿತ್ತು.

ಆ ವರ್ಷ ಶನಿವಾರ ಸಂಜೆ ಹದಿನೆಂಟನೆಯ, ಕೊನೆಯ ಕುಳಿಯ ಹತ್ತಿರ ನನ್ನ ಚೆಂಡು ಮೂರಡಿ ದೂರ ನಿಂತಿತ್ತು. ಬಕ್ಕೇಶ ಆಗಲೇ ಮುಗಿಸಿ ಮೊದಲನೆಯವನಾಗಿ ಕೂತಿದ್ದ. ನನ್ನದನ್ನು ಹಾಕಿದರೆ ಅವನ ಜೊತೆ ಸಮ. ತಪ್ಪಿಸಿದರೆ ನನಗಿಂತ ಮೊದಲೇ ಮುಗಿಸಿದ್ದ ಇನ್ನೊಬ್ಬನ ಹಿಂದೆ ಮೂರನೆಯವನು, ಹೆಗಲ ಮೇಲಿನ ಮೆರವಣಿಗೆ. ಬೇಲಿಯಾಚೆ ಅವ್ವ ನಿಂತಿದ್ದಳು. ಅವಳು ಬೇಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅಲ್ಲಿಯವರೆಗೆ ನಾನು ಮೂರು ವರ್ಷ ಹೀಗೇ ತಪ್ಪಿಸಿದ್ದೆ. ಆ ಸಂಜೆ ನನ್ನ ಕೈ ಕೇಳಲಿಲ್ಲ. ನಾನು ಬಕ್ಕೇಶನಿಗಿಂತ ಒಳ್ಳೆಯ ಆಟಗಾರ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಊರಿಗೂ ತೋರಿಸಬೇಕೆಂಬ ಆಸೆ ಹುಟ್ಟಿತು. ಚೆಂಡು ಕುಳಿಯ ನಡುವಿಗೇ ಬಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತ, "ಏನಾರ ಮಾತಾಡು" ಎಂದಳು.

"ಏನು ಮಾತಾಡ್ಲಿ?"

"ಏನಾರ. ಬಸ್ಸಿನ ಹೆಸರು ಹೇಳು."

ನಾನು ನಕ್ಕು ಹೇಳತೊಡಗಿದೆ. ಕೆಂಪುಕೆರೆ, ಹುಣಸೇಕಟ್ಟೆ, ಮರಡಿ, ಗೋಣಿಬೀಡಿನ ಮೇಲೆ ಹಾಯ್ದು ಹಳೇಪೇಟೆ. ಅವಳು ರೊಟ್ಟಿ ತಿರುವಿಹಾಕುವುದನ್ನು ಮರೆತು ಕೂತಿದ್ದಳು. ರೊಟ್ಟಿ ಸೀದು ಹೊಗೆ ಬಂತು. "ಗೆಲ್ತೀನಿ ಕಣವ್ವ, ಯಾಕೆ ಹಂಗೆ ನೋಡ್ತೀಯ?" ಎಂದೆ. "ಗೆದ್ರೂ ಆ ಹುಡುಗನ ಬಾಯಿ ಹೋಗ್ತದಲ್ಲಪ್ಪ" ಎಂದಳು. ಅದೇನು ಬಾಯಿ, ಹೋದರೆ ಅವನಿಗೇನು ನಷ್ಟ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

ನಾವಿಬ್ಬರೂ ಹೊರಡುವಾಗ ಇಡೀ ಊರು ಹಗ್ಗದಾಚೆ ನಿಂತಿತ್ತು. ತೀರ್ಪುಗಾರ ಪಂಚಾಕ್ಷರಪ್ಪ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಕೊರಳಿಗೆ ಸೀಟಿ ಹಾಕಿಕೊಂಡು ಮುಂದೆ ನಡೆದರು. ಗಾಳಿ ಕಲ್ಲುಗುಡ್ಡದ ಕಡೆಯಿಂದ ಬಿರುಸಾಗಿ ಬೀಸುತ್ತಿತ್ತು. ಬಕ್ಕೇಶ ಮೊದಲ ಹೊಡೆತಕ್ಕೇ ಚೆಂಡನ್ನು ಗಾಳಿಯ ಕೆಳಗೆ ತೂರಿಸಿ ಕಣ್ಣಿಗೆ ಕಾಣದಷ್ಟು ದೂರ ಕಳಿಸಿದ. ನನ್ನದು ಗಾಳಿಗೆ ಸಿಕ್ಕಿ ಮರಳಗುಂಡಿಗೆ ಬಿತ್ತು. ಒಂಬತ್ತು ಕುಳಿ ಮುಗಿಯುವಷ್ಟರಲ್ಲಿ ಅವನು ಎರಡು ಹೊಡೆತ ಮುಂದಿದ್ದ. ನಡೆಯುವಾಗ ಅವನು ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಮಾತ್ರ ಯಾರಾದರೂ ಕುಶಲ ಕೇಳಿದರೆ ದೊಡ್ಡದಾಗಿ ಉತ್ತರ ಕೊಡುತ್ತಿದ್ದೆ. ಇನ್ನು ಕೆಲವೇ ಗಂಟೆಗಳಲ್ಲಿ ಕಳೆದುಹೋಗಬಹುದಾದ್ದನ್ನು ಕೈತುಂಬ ಖರ್ಚು ಮಾಡುವವನ ಹಾಗೆ.

ಹನ್ನೆರಡನೆಯದರಲ್ಲಿ ಒಂದು ಹೊಡೆತ ವಾಪಸು ಗಳಿಸಿದೆ. ಹದಿನಾಲ್ಕರಲ್ಲಿ ಹುಲ್ಲುಹಾಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಚೆಂಡು ಉರುಳಿಸಬೇಕಿತ್ತು. ಹಾಸು ಎಡಕ್ಕೆ ವಾಲಿಕೊಂಡು, ನಡುವೆ ಉಬ್ಬಿ, ಮತ್ತೆ ಬಲಕ್ಕೆ ಇಳಿಯುತ್ತಿತ್ತು. ಚೆಂಡು ಉಬ್ಬನ್ನು ಹತ್ತಿ ನಿಂತೇಬಿಟ್ಟಿತು ಅನ್ನಿಸಿತು, ಮತ್ತೆ ಏನೋ ನೆನಪಾದ ಹಾಗೆ ಇಳಿಯತೊಡಗಿ, ಕುಳಿಯ ಬಾಯಿಗೆ ಬಂದು, ಒಳಗೆ ಬಿತ್ತು. ಆಗ ಎದ್ದ ಕೂಗು ಕ್ವಾರಿಯವರೆಗೆ ಹೋಗಿ ವಾಪಸು ಬಂತು. ಸಮ. ಬಕ್ಕೇಶ ಮೊದಲ ಸಲ ನನ್ನ ಮುಖ ನೋಡಿದ. ಅವನ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಭಯ. ಅವನು ಎಷ್ಟು ಆಸೆಪಟ್ಟು ಬಂದಿದ್ದಾನೆ ಎಂದು ನನಗೆ ಆಗ ತಿಳಿಯಿತು. ಕಪ್ಪು ಅವನಿಗೆ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನ ಗಂಟಲಲ್ಲಿತ್ತು. ಶನಿವಾರ ಮೊದಲನೆಯವನಾಗಿ ಕೂತು ಅವನು ನನ್ನ ಆ ಮೂರಡಿಯ ಚೆಂಡನ್ನು ಹೇಗೆ ನೋಡಿದ್ದಿರಬೇಕು ಎಂದು ಯೋಚಿಸಿದೆ.

ಹದಿನಾರರಲ್ಲಿ ಅವನ ಚೆಂಡು ಕೆರೆಗೆ ಬಿತ್ತು. ಜನ ಓ ಎಂದರು. ಅವನು ಮರು ಚೆಂಡು ಇಟ್ಟು ನೀರು ದಾಟಿಸಿ ಕುಳಿಯ ಪಕ್ಕಕ್ಕೇ ಹಾಕಿದ. ಎರಡು ಹೊಡೆತ ಕಳೆದುಕೊಳ್ಳಬೇಕಾದಲ್ಲಿ ಒಂದನ್ನೇ ಕಳೆದುಕೊಂಡ. ಅಂತೂ ನಾನು ಒಂದು ಮುಂದೆ ಬಂದೆ, ಎರಡೇ ಕುಳಿ ಉಳಿದಿದ್ದವು. ನನಗೆ ಬಾಯಾರಿಕೆಯಾಗಿತ್ತು, ಅವ್ವ ಹಗ್ಗದಾಚೆಯಿಂದ ನೀರಿನ ಬಾಟ್ಲಿ ಚಾಚಿದಳು. "ಆಯ್ತಪ್ಪ, ಇನ್ನೇನು ಆಯ್ತು" ಎಂದಳು.

ಹದಿನೇಳರಲ್ಲಿ ನನ್ನ ಚೆಂಡು ಉದ್ದ ಹುಲ್ಲಿಗೆ ಸರಿಯಿತು. ಹೋಗಿ ನೋಡಿದರೆ ಹುಲ್ಲಿನ ಬುಡದ ಮೇಲೆ ಕೂತಿದೆ. ಹೊಡೆಯಲು ಕೋಲನ್ನು ಅದರ ಹಿಂದೆ ಊರಿದೆ. ಹುಲ್ಲು ಕುಸಿಯಿತು, ಚೆಂಡು ಅರ್ಧ ಸುತ್ತು ಉರುಳಿ ನಿಂತಿತು. ಅಷ್ಟೇ. ಆಟಗಾರನ ಕೈಯಿಂದ ನಿಂತ ಚೆಂಡು ಅಲುಗಿದರೆ ಅವನ ಲೆಕ್ಕಕ್ಕೆ ಒಂದು ಹೊಡೆತ ಸೇರುತ್ತದೆ. ಅದನ್ನು ಅವನೇ ಹೇಳಬೇಕು. ಸುತ್ತ ನೋಡಿದೆ. ಬಕ್ಕೇಶ ಆಚೆ ತುದಿಯಲ್ಲಿದ್ದ. ಪಂಚಾಕ್ಷರಪ್ಪನವರು ಜನರನ್ನು ಹಿಂದೆ ತಳ್ಳುತ್ತ ಬೆನ್ನು ಹಾಕಿ ನಿಂತಿದ್ದರು. ಯಾರೂ ನೋಡಿರಲಿಲ್ಲ. ಆಮೇಲೆ ಬಸ್ಸು ಕೂಗುವ ದನಿಯಲ್ಲಿ ಕೂಗಿದೆ.

"ಪಂಚಾಕ್ಷರಪ್ನೋರೆ, ನನ್ನ ಚೆಂಡು ಅಲುಗಿತು. ಒಂದು ಸೇರಿಸ್ಕಳ್ಳಿ."

ಅವರು ಓಡಿಬಂದರು. "ನಾನು ನೋಡ್ಲಿಲ್ವಲ್ಲೋ?"

"ನಾನು ನೋಡಿದೀನಿ."

ಜನ ಚಪ್ಪಾಳೆ ಹೊಡೆದರು. ಬಹಳ ಹೊತ್ತು ಹೊಡೆದರು. ಅವ್ವ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು. ನಾವು ಮತ್ತೆ ಸಮವಾದೆವು.

ಹದಿನೆಂಟನೆಯ ಕುಳಿಗೆ ಬಂದಾಗ ಸೂರ್ಯ ಗುಡ್ಡದ ಮೇಲಿದ್ದ. ನನ್ನ ಮೊದಲ ಹೊಡೆತ ದಾರಿಯ ನಡುವಿಗೆ ಬಿತ್ತು. ಬಕ್ಕೇಶನದು ಬಲಕ್ಕೆ ಹಾರಿ ಜಾಲಿಪೊದೆಗಳ ಪಕ್ಕದ ಉದ್ದ ಹುಲ್ಲಿನಲ್ಲಿ ಕಾಣೆಯಾಯಿತು. ಚೆಂಡು ಹುಡುಕಲು ಎದುರಾಳಿಯೂ ಹೋಗುವುದು ನಮ್ಮಲ್ಲಿ ರೂಢಿ. ಅದು ಕಣ್ಣಿಗೆ ಬಿದ್ದದ್ದು ನನಗೇ. "ಇಲ್ಲೈತೆ ನೋಡು" ಎಂದು ಕರೆದೆ. ಅವನು ಬಂದು ಚೆಂಡಿನ ಹಿಂದೆ ನಿಂತ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅವನು ಕೋಲು ಊರಿದ. ಚೆಂಡಿನ ಕೆಳಗಿದ್ದ ಒಣಗಿದ ಎಲೆ ಮುರಿಯಿತು. ಚೆಂಡು ಉರುಳಿ ಒಂದು ಬೆರಳಿನಷ್ಟು ಮುಂದೆ ಹೋಗಿ ನಿಂತಿತು.

ಅವನು ಅದನ್ನು ನೋಡಿದ. ತಲೆಯೆತ್ತಿ ನನ್ನನ್ನು ನೋಡಿದ. ನಾನು ನೋಡಿದ್ದೇನೆಂದು ಅವನಿಗೆ ಗೊತ್ತಾಯಿತು. ಬಾಯಿ ತೆರೆದ. "ಚೆ... ಚೆ... ಚೆ..." ಕತ್ತಿನ ನರ ಉಬ್ಬಿತು, ಕಣ್ಣು ಕೆಂಪಾಯಿತು. ದೂರದಿಂದ ಪಂಚಾಕ್ಷರಪ್ಪ, "ಬೇಗ ಆಡ್ರಪ್ಪ, ಬೆಳಕು ಹೋಗ್ತದೆ" ಎಂದು ಕೂಗಿದರು. ನಾನು ಅವನು ಮುಗಿಸಲಿ ಎಂದು ಕಾದೆ. ಚಿಕ್ಕಂದಿನಿಂದ ಕಾಯುವ ಅಭ್ಯಾಸವಿತ್ತು, ಅವನ ಮಾತಿಗೆ ಕಾಯುತ್ತಿದ್ದ ಕೆಲವರಲ್ಲಿ ನಾನೂ ಒಬ್ಬ. ಅವನು ಬಾಯಿ ಮುಚ್ಚಿದ. ನಾನೇ ಕೇಳಿದೆ.

"ಬಕ್ಕೇಶ, ಏನಾರ ಹೇಳೋದು ಐತಾ?"

ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಕಣ್ಣನ್ನಲ್ಲ. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

ತನ್ನ ಚೆಂಡಿನ ಬಗ್ಗೆ ಆಟಗಾರ ಹೇಳಿದ್ದೇ ನಮ್ಮಲ್ಲಿ ಕೊನೆಯ ಮಾತು. ನಾನು ಅಲ್ಲಿಂದ ಸರಿದು ಬಂದೆ. ಅವನು ಹೊಡೆದ. ಅಂಥ ಹೊಡೆತವನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಂಡಿಲ್ಲ. ಚೆಂಡು ಹುಲ್ಲನ್ನು ಸೀಳಿ ಎದ್ದು, ಜಾಲಿಯ ನೆತ್ತಿ ಸವರಿ, ಗಾಳಿಗೆ ಒರಗಿಕೊಂಡು ತಿರುಗಿ, ಹಾಸಿನ ಮೇಲೆ ಇಳಿದು ಕುಳಿಯಿಂದ ಎರಡಡಿ ದೂರ ನಿಂತಿತು. ಜನ ಹಗ್ಗ ಕಿತ್ತು ನುಗ್ಗಿದರು. ನನ್ನ ಎರಡನೆಯ ಹೊಡೆತ ಕುಳಿಯಿಂದ ಐದು ಹೆಜ್ಜೆ ದೂರ ಬಿತ್ತು.

ದೂರದಲ್ಲಿದ್ದವನು ಮೊದಲು ಆಡಬೇಕು. ನಾನು ಬಗ್ಗಿ ಹಾಸಿನ ವಾಲು ನೋಡಿದೆ. ಇದನ್ನು ಹಾಕಿದರೆ ಸಮ, ಸೋಮವಾರ ಮತ್ತೆ ಆಟ. ಹಾಕದಿದ್ದರೆ ಅವನು ಎರಡಡಿಯದನ್ನು ತಪ್ಪಿಸುವವನಲ್ಲ. ಮೆಲ್ಲಗೆ ತಳ್ಳಿದೆ. ಚೆಂಡು ನಾನು ಹೇಳಿದ ದಾರಿಯಲ್ಲೇ ಹೋಯಿತು. ಕುಳಿಯ ಎಡ ತುಟಿಗೆ ತಾಗಿ, ಸುತ್ತು ಹೊಡೆದು, ಹಿಂದಿನ ಅಂಚಿನಲ್ಲಿ ನಿಂತುಬಿಟ್ಟಿತು. ಬೀಳಬಹುದು ಎಂದು ಎಲ್ಲರೂ ಕಾದರು. ಬೀಳಲಿಲ್ಲ.

ನಾನು ಅದನ್ನು ಒಳಗೆ ತಳ್ಳಿ ಪಕ್ಕಕ್ಕೆ ಬಂದೆ. ಬಕ್ಕೇಶ ನಿಂತ, ತಳ್ಳಿದ, ಬಿತ್ತು. ನಾನು ಕೈ ಚಾಚಿ, ಚೆನ್ನಾಗಿ ಆಡಿದೆ ಎನ್ನಲು ಹೋದೆ. ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ. ಅದೇ ಹೊತ್ತಿಗೆ ನನ್ನ ದನಿ ನನ್ನ ಎದುರಿನಿಂದ ಕೇಳಿಸಿತು.

"ಚೆನ್ನಾಗಿ ಆಡಿದೆ ಹಾಲಣ್ಣ."

ಅವನ ಜನ್ಮದಲ್ಲಿ ಒಂದೇ ಉಸಿರಿಗೆ ಮುಗಿದ ಮೊದಲ ಮಾತು ಅದು. ಅವನಿಗೇ ನಂಬಿಕೆಯಾಗಲಿಲ್ಲ. "ಚೆನ್ನಾಗಿ ಆಡಿದೆ, ಚೆನ್ನಾಗಿ ಆಡಿದೆ" ಎಂದು ಮತ್ತೆ ಮತ್ತೆ ಹೇಳಿ ನನ್ನ ಕೈಹಿಡಿದು ಅಳತೊಡಗಿದ. ಅವನ ಅಳುವೂ ನನ್ನದೇ ಆಗಿತ್ತು. ನನ್ನ ಅಪ್ಪ ಸತ್ತಾಗ ನಾನು ಅತ್ತದ್ದು ಹಾಗೆಯೇ.

ಮರುವಾರ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ರುದ್ರಮುನಿ ನನ್ನನ್ನು ಕರೆಸಿ, ಕುರ್ಚಿ ತೋರಿಸಿ ಕೂರಿಸಿ, ಚಹಾ ತರಿಸಿದ. "ತಪ್ಪು ತಿಳ್ಕೋಬೇಡಿ ಹಾಲೇಶಪ್ಪ. ನಾವು ಕೆಲಸ ಕೊಟ್ಟಿದ್ದು ದನಿಗೆ. ದನಿ ಎಲ್ಲೈತೋ ಕೆಲಸ ಅಲ್ಲಿ. ನಿಮ್ಮನ್ನ ಬಿಡಲ್ಲ, ಬೋರ್ಡು ಬರೀರಿ" ಎಂದ. ಹೀಗೆ ಬಕ್ಕೇಶ ಕ್ವಾರಿ ಬಿಟ್ಟು ಮೈಕಿನ ಮುಂದೆ ಕೂತ. ನಾನು ಕಿಟಕಿಯಾಚೆ ಕರಿಹಲಗೆಯ ಮೇಲೆ ಬಸ್ಸುಗಳು ಬರುವ ಹೊತ್ತು ಬರೆದು ಅಳಿಸುತ್ತ ನಿಂತೆ. ಪ್ರಯಾಣಿಕರಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ನನಗೆ ಮಾತ್ರ ಅವನು ಮರಡಿ ಎನ್ನುವಾಗ ಡಿ ಅಕ್ಷರವನ್ನು ಎಳೆಯುವುದು ಕೇಳುತ್ತಿತ್ತು. ನಾನು ಹಾಗೆ ಎಳೆಯುತ್ತಿರಲಿಲ್ಲ. ಮಾತಿನ ರುಚಿ ಹೊಸದಾಗಿ ಸಿಕ್ಕವನು ಅವನು, ಬಿಡುವಿದ್ದಾಗ ಹೂವಿನವಳ ಜೊತೆ, ಕಂಡಕ್ಟರುಗಳ ಜೊತೆ, ಮಕ್ಕಳ ಜೊತೆ, ಕೊನೆಗೆ ನಾಯಿಯ ಜೊತೆ ಕೂಡ ಮಾತಾಡುತ್ತಿದ್ದ. ಅವನ ಹಳೆಯ ದನಿ ಅವನಲ್ಲೇ ಇತ್ತು. ಅದನ್ನು ಅವನು ಮತ್ತೆ ಬಳಸಲಿಲ್ಲ.

ಒಂದು ದಿನ ನೋಡಿದರೆ ಅವ್ವ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಚೀಲ, ಯಾವುದೋ ಊರಿಗೆ ಹೊರಟವಳ ಹಾಗೆ. ನಾನು ಹತ್ತಿರ ಹೋಗಿ ಏನೆಂದು ಕೈಸನ್ನೆಯಲ್ಲಿ ಕೇಳಿದೆ. "ಗಾಳಿ ಆ ಕಡೆ ತಿರುಗೈತಪ್ಪ, ಮನೇಗೆ ಕೇಳಿಸ್ತಿಲ್ಲ" ಎಂದಳು. ಮರುದಿನವೂ ಬಂದಳು. ಆಮೇಲೆ ದಿನಾ ಬರತೊಡಗಿದಳು. ನಾನು ಸಿಟ್ಟಿನಿಂದ ಅವಳ ಚೀಲ ಎತ್ತಿಕೊಂಡು ಮನೆಯ ದಾರಿ ತೋರಿಸಿದೆ. ಅವಳು ಚೀಲ ವಾಪಸು ಕಿತ್ತುಕೊಂಡಳು. "ಮುಖ ಮನೇಲಿ ನೋಡ್ತೀನಿ, ದನಿ ಇಲ್ಲಿ ಕೇಳ್ತೀನಿ. ಎರಡೂ ಒಂದೇ ಕಡೆ ಬೇಕು ಅಂದ್ರೆ ಶನಿವಾರ ಆ ಚೆಂಡು ತಪ್ಪಿಸ್ಬೇಕಿತ್ತು" ಎಂದಳು. ನನ್ನ ಮೇಲೆ ಅವಳು ಹೇಳಿದ ದೂರು ಇಡೀ ಬದುಕಿನಲ್ಲಿ ಅದೊಂದೇ.

ಬಕ್ಕೇಶ ಅವಳನ್ನು ಗಮನಿಸಿದ. ಒಂದು ಮಧ್ಯಾಹ್ನ ಕೆಂಪುಕೆರೆಯ ಬಸ್ಸು ಕೂಗಿ ಮುಗಿಸಿದವನು ಮೈಕು ಆರಿಸದೆ, "ಅವ್ವಾ, ಊಟ ಆಯ್ತಾ?" ಎಂದ. ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಅವ್ವ ನಾಚಿ ಸೆರಗು ಸರಿಮಾಡಿಕೊಂಡು, "ಆಯ್ತಪ್ಪ" ಎಂದಳು. ನನ್ನ ಕೈಯ ಚಾಕ್‌ಪೀಸು ಮುರಿಯಿತು. ಅಂದಿನಿಂದ ಅದು ದಿನದ ರೂಢಿಯಾಯಿತು. ಜನರಿಗೂ ಅದು ಇಷ್ಟವಾಯಿತು. ಕಂಡಕ್ಟರುಗಳು, "ಗಿರಿಜವ್ವನ ಊಟ ಆಗದೆ ಬಸ್ಸು ಬಿಡಲ್ಲ" ಎಂದು ತಮಾಷೆ ಮಾಡುತ್ತಿದ್ದರು. ಎಷ್ಟು ಒಳ್ಳೆಯ ಹುಡುಗ, ಗೆದ್ದ ಮೇಲೂ ಎಷ್ಟು ವಿನಯ ಎಂದು ನನ್ನ ಎದುರಿಗೇ ಹೇಳುತ್ತಿದ್ದರು.

ತಡೆಯಲಾರದೆ ಒಂದು ದಿನ, ಬಸ್ಸುಗಳಿಲ್ಲದ ಹೊತ್ತಿನಲ್ಲಿ, ಅವನ ಕಿಟಕಿಗೆ ಕಾಣುವಂತೆ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಚೆಂಡು ಅಲುಗಿತ್ತು, ಹೇಳು.

ಅವನು ಓದಿದ. ಮೈಕು ಆರಿಸಿ ಹೊರಗೆ ಬಂದ. ಅತ್ತಿತ್ತ ನೋಡಿ ನನ್ನ ಹತ್ತಿರ ನಿಂತ.

"ಅಲುಗಿತ್ತು ಹಾಲಣ್ಣ. ಆವತ್ತು ಹೇಳ್ಬೇಕು ಅಂತ್ಲೇ ಬಾಯಿ ತೆಗೆದೆ, ದೇವರಾಣೆ. ಬರ್ಲಿಲ್ಲ. ನೀನು ಕೇಳಿದ್ಯಲ್ಲ, ಹೇಳೋದು ಐತಾ ಅಂತ, ಎಷ್ಟು ಸಲೀಸಾಗಿ ಕೇಳಿದೆ ನೀನು. ಅದು ಕಿವಿಗೆ ಬಿದ್ದ ಮೇಲೆ ನನ್ನ ಕೈಲಿ ಆಗ್ಲಿಲ್ಲ."

ನಾನು ಹಲಗೆಯ ಮೇಲಿನ ಕೊನೆಯ ಮಾತಿನ ಕೆಳಗೆ ಗೆರೆ ಎಳೆದೆ. ಹೇಳು.

"ಈಗ ಹೇಳಿದ್ರೆ?" ಎಂದು ಅವನು ಗಂಟಲು ಮುಟ್ಟಿಕೊಂಡ. "ಇದು ಹೊಂಟೋದ್ರೆ? ಹಿಂದೆ ಯಾವತ್ತೂ ಹೋಗಿಲ್ಲ ಅಂತಾರೆ, ಆದ್ರೂ ಹೋದ್ರೆ? ನಿನಗೆ ಇದು ಇಲ್ದೆ ಒಂದು ವರ್ಷ ಆಗೈತೆ. ನನಗೆ ಮೂವತ್ತು ವರ್ಷ ಇರ್ಲಿಲ್ಲ."

ಡಸ್ಟರು ಎತ್ತಿಕೊಂಡು ಹಲಗೆಯನ್ನು ತಾನೇ ಒರೆಸಿದ. ಚೆನ್ನಾಗಿ, ಮೂಲೆಗಳನ್ನೂ ಬಿಡದೆ. "ಹುಣಸೇಕಟ್ಟೆ ಬಸ್ಸು ಲೇಟು. ಅದನ್ನ ಬರಿ" ಎಂದು ಒಳಗೆ ಹೋದ. ನಾನು ಬರೆದೆ. ಊರಿಗೆ ನಾನೇ ಬರೆದು ತಿಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಿಳಿಸಿದೆ. ಪಂಚಾಕ್ಷರಪ್ಪನವರ ಮನೆಗೆ ಹೋಗಿ ಸ್ಲೇಟಿನ ಮೇಲೆ ಎಲ್ಲವನ್ನೂ ಬರೆದು ತೋರಿಸಿದೆ. ಅವರು ಓದಿ, ನನ್ನ ಭುಜ ತಟ್ಟಿ, "ಸೋತವರು ಎಲ್ಲಾರೂ ಏನಾದರೊಂದು ಬರೀತಾರಪ್ಪ" ಎಂದರು.

ಚಳಿ ಹಿಡಿದಾಗ ಅವ್ವ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿ ಮಾತು ಸಣ್ಣದಾಯಿತು. ಡಾಕ್ಟರು ಬಂದು ನೋಡಿ ಚೀಟಿ ಬರೆಯದೆ ಎದ್ದುಹೋದರು. ಮರುದಿನ ಮಧ್ಯಾಹ್ನ ಅವ್ವ, "ಬಕ್ಕೇಶನ್ನ ಕರ್ಕಂಡು ಬಾ" ಎಂದಳು. ನಾನು ಕೇಳಿಸದವನಂತೆ ಗಂಜಿ ಕಲಕುತ್ತ ಕೂತೆ. ಅವಳು ಮತ್ತೆ ಹೇಳಿದಳು. ಮೂರನೆಯ ಸಲ ಹೇಳುವಷ್ಟು ಶಕ್ತಿ ಅವಳಲ್ಲಿರಲಿಲ್ಲ, ಬರೀ ನೋಡಿದಳು.

ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಅವನ ಕಿಟಕಿಯ ಮುಂದೆ ನಿಂತೆ. ಕೈಯಲ್ಲಿ ಬಳಪವಿರಲಿಲ್ಲ. ಅವನು ನನ್ನ ಮುಖ ನೋಡಿದವನೇ ಮೈಕು ಆರಿಸಿ ಚಪ್ಪಲಿ ಹುಡುಕಿದ. ದಾರಿಯುದ್ದಕ್ಕೂ, ಕರಿಸಿದ್ದಪ್ಪನ ಮನೆ ದಾಟುವಾಗಲೂ, ಒಂದು ಮಾತೂ ಆಡಲಿಲ್ಲ.

ಅವ್ವ ಅವನನ್ನು ನೋಡಿ ಕೈಯೆತ್ತಿ ಜಾಗ ತೋರಿಸಿದಳು. ನಾನು ಅವಳ ಎದುರಿಗೆ ಕೂರಬೇಕು, ಅವನು ನನ್ನ ಬೆನ್ನ ಹಿಂದೆ ಕೂರಬೇಕು. ಮಲಗಿದಲ್ಲೇ ಎಲ್ಲ ಯೋಚಿಸಿಟ್ಟುಕೊಂಡಿದ್ದಳು. "ನೀನು ಬಾಯಿ ಅಲ್ಲಾಡ್ಸು, ಅವನು ಮಾತಾಡ್ಲಿ" ಎಂದಳು.

ಬಕ್ಕೇಶ ಹಿಂದೆ ಕೂತ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. "ಅವ್ವಾ" ಎಂದ. ಅವ್ವ ನನ್ನ ತುಟಿಗಳನ್ನು ನೋಡುತ್ತಿದ್ದಳು. ನನ್ನ ತುಟಿ ಏಳಲಿಲ್ಲ. "ಅವ್ವಾ, ನಾನು ಬಂದೀನಿ" ಎಂದ ಅವನು, ಮೆಲ್ಲಗೆ, ಮೈಕಿನ ಮುಂದೆ ಎಂದೂ ಆಡದಷ್ಟು ಮೆಲ್ಲಗೆ. ಅದು ನನ್ನ ಪರವಾಗಿ ಆಡಿದ ಮಾತಲ್ಲ ಎಂದು ನನಗೆ ಅನ್ನಿಸಿತು. ಅವನು ಕಣ್ಣು ಮುಚ್ಚಿಕೊಂಡು ತನ್ನ ತಾಯಿಯನ್ನು ಕರೆಯುತ್ತಿದ್ದ. ಅವಳು ಬದುಕಿದ್ದಾಗ ಒಂದು ಸಲವೂ ಪೂರ್ತಿ ಕರೆಯಲಾಗದೆ ಉಳಿದ ಕರೆ ಅದು. ನನ್ನ ಅವ್ವನ ಮುಖ ಅರಳಿತು. ನನಗೆ ತಾಳಲಾಗಲಿಲ್ಲ. ಎದ್ದು ಅಂಗಳಕ್ಕೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತೆ. ಒಳಗೆ ನನ್ನ ದನಿ ಒಂದೇ ಸಮನೆ ಮಾತಾಡುತ್ತಿತ್ತು. ಏನೆಂದು ಕೇಳದಿರಲಿ ಎಂದು ಕಿವಿ ಮುಚ್ಚಿಕೊಂಡೆ.

ಕೈ ತೆಗೆದಾಗ ಒಳಗೆ ಸದ್ದಿರಲಿಲ್ಲ. ಬಕ್ಕೇಶ ಬಾಗಿಲಲ್ಲಿ ನಿಂತಿದ್ದ.

"ಹಾಲೇಶ ಎಲ್ಲಿ ಅಂದ್ಲು" ಎಂದ. "ಇಲ್ಲೇ ಇದೀನಿ ಅವ್ವಾ ಅಂದೆ. ಅಷ್ಟೇ ಆಮೇಲೆ."

ನಾನು ಅವನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಅವನು ನನ್ನ ದನಿಯಲ್ಲೇ ನರಳುತ್ತಿದ್ದ. ದಾಟಿಕೊಂಡು ಒಳಗೆ ಹೋಗಿ ಅವ್ವನ ತೆರೆದ ಕಣ್ಣು ಮುಚ್ಚಿದೆ.

ಸಂಜೆಯ ಹೊತ್ತಿಗೆ ಬೀದಿಯವರೆಲ್ಲ ಸೇರಿದರು. ಚಟ್ಟ ಕಟ್ಟಿ, ಅವ್ವನ ಮೈ ತೊಳೆದು, ಬಿಳಿ ಸೀರೆ ಹೊದಿಸಿ ಅಂಗಳದಲ್ಲಿ ಮಲಗಿಸಿದರು. ಎತ್ತುವ ಮೊದಲು ಮಗ ಅಥವಾ ಮಗಳು ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯಬೇಕು. ಹಾಗೆ ಕರೆದ ಮೇಲೂ ಏಳದಿದ್ದರೆ ಮಾತ್ರ ಹೊತ್ತೊಯ್ಯಬಹುದು. ಪಂಚಾಕ್ಷರಪ್ಪನವರು, "ಮಗ ಕರೀಬೇಕು" ಎಂದರು. ಜನ ನನ್ನನ್ನು ನೋಡಿದರು, ಆಮೇಲೆ ಕಂಬಕ್ಕೆ ಒರಗಿ ನಿಂತಿದ್ದ ಬಕ್ಕೇಶನನ್ನು ನೋಡಿದರು.

ನಾನೇ ಮುಂದೆ ಹೋಗಿ ಮಂಡಿಯೂರಿ ಬಗ್ಗಿದೆ. ಅವಳ ಕಿವಿಯಲ್ಲಿ ವಿಭೂತಿಯ ವಾಸನೆಯಿತ್ತು. ಕರೆದೆ. ಗಾಳಿ ಬಂತು, ಕಿವಿಯ ಮೇಲಿನ ಬಿಳಿ ಕೂದಲು ಅಲುಗಿತು. ಉಸಿರು ಎಳೆದುಕೊಂಡು ಎರಡನೆಯ ಸಲ ಕರೆದೆ. ಅದೇ ಗಾಳಿ. ಮೂರನೆಯದಕ್ಕೆ ಬಾಯಿ ತೆರೆದಿದ್ದೆ.

"ಅವ್ವಾ!"

ನನ್ನ ಹಿಂದಿನಿಂದ ಬಂತು. ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಾನು ಕೂಗುತ್ತಿದ್ದ ಹಾಗೆಯೇ. ಹೆಂಗಸರು ಒಟ್ಟಿಗೆ ಗೋಳೋ ಎಂದು ಅತ್ತರು. ಯಾರೋ, "ಕೇಳಿಸ್ತು ಬಿಡ್ರಪ್ಪ ಅವಳಿಗೆ. ಎತ್ತಿ, ಎತ್ತಿ" ಎಂದರು. ನಾಲ್ಕು ಜನ ಬಂದು ಬಿದಿರಿಗೆ ಹೆಗಲು ಕೊಟ್ಟರು. ನಾನಿನ್ನೂ ಬಾಯಿ ತೆರೆದುಕೊಂಡು ಬಗ್ಗಿಯೇ ಇದ್ದೆ. ಅವಳ ಕಿವಿ ನನ್ನ ತುಟಿಯಿಂದ ಮೇಲಕ್ಕೆ ಎದ್ದು ಹೋಯಿತು.